ರಾಕ್ಷಸನಿಗೆ ಹಲ್ಲು ಕಟ್ಟಿದ್ದು

ಕುಂಚದ ತುದಿ ರಾಕ್ಷಸನ ಎಡಗಣ್ಣಿನ ಹತ್ತಿರ ಹೋಗಿ ನಿಂತಿತು, ನಡುಗಿತು, ಮುಂದಕ್ಕೆ ಹೋಗಲಿಲ್ಲ. ಅಕ್ಕ ಕೈಯನ್ನು ಹಿಂದಕ್ಕೆ ತೆಗೆದುಕೊಂಡು, ಕುಂಚವನ್ನು ನೀರಿನ ಲೋಟದಲ್ಲಿ ಅದ್ದಿ, ಒರೆಸಿ, ಮತ್ತೆ ಕಪ್ಪು ಬಣ್ಣಕ್ಕೆ ತಾಗಿಸಿದಳು. ಊಟವಾದಾಗಿನಿಂದ ಅವಳು ಮಾಡುತ್ತಿದ್ದುದು ಇಷ್ಟೇ. ಅದ್ದುವುದು, ಒರೆಸುವುದು, ತಾಗಿಸುವುದು. ಕಣ್ಣಿನ ಬಿಳಿಯ ಮೇಲೆ ಕಪ್ಪು ಮಾತ್ರ ಇನ್ನೂ ಬಿದ್ದಿರಲಿಲ್ಲ.

ರಾಕ್ಷಸ ಅಂದರೆ ಹೆದರಿಕೊಳ್ಳುವಂಥವನೇನಲ್ಲ. ಹೆಬ್ಬೆರಳಿಗಿಂತ ತುಸು ಎತ್ತರದ ಪ್ಲಾಸ್ಟಿಕ್ ಗೊಂಬೆ. ಮೈಗೆ ಆಟಗಾರನ ಬನಿಯನ್ನು, ಭುಜಕ್ಕೆ ಕಬ್ಬಿಣದ ಕವಚ, ಕಂಕುಳಲ್ಲಿ ಮುಳ್ಳುಮುಳ್ಳಿನ ಚೆಂಡು. ಒಂದು ಕಾಲಿಗೆ ಬೂಟಿದೆ, ಇನ್ನೊಂದು ಕಾಲಿನ ಬೂಟು ಎಲ್ಲಿ ಕಳೆಯಿತೋ ಅವನಿಗೇ ಗೊತ್ತು. ಹೊಟ್ಟೆ ಬನಿಯನ್ನಿನಿಂದ ಹೊರಗೆ ಬಂದು ಕೂತಿದೆ. ಬಾಯಿಯಂತೂ ಈ ಕಿವಿಯಿಂದ ಆ ಕಿವಿಗೆ ತೆರೆದುಕೊಂಡಿದೆ. ಹಿಡಿದುಕೊಳ್ಳಲು ಸುಲಭವಾಗಲಿ ಎಂದು ಅಕ್ಕ ಅವನನ್ನು ಔಷಧಿ ಬಾಟಲಿಯ ಮುಚ್ಚಳದ ಮೇಲೆ ಅಂಟಿಸಿ ನಿಲ್ಲಿಸಿದ್ದಳು. ಮೈಗೆ ಹಸಿರು, ಬನಿಯನ್ನಿಗೆ ಕೆಂಪು, ಕವಚಕ್ಕೆ ತುಕ್ಕಿನ ಬಣ್ಣ, ಎಲ್ಲ ಬೆಳಿಗ್ಗೆಯೇ ಮುಗಿದಿತ್ತು. ಅಗಲವಾದ ಜಾಗಗಳಲ್ಲಿ ಕೈಯ ನಡುಕ ಕಾಣಿಸುವುದಿಲ್ಲ. ಉಳಿದದ್ದು ಕಣ್ಣು, ಹಲ್ಲು.

ಗೊಂಬೆ ತಮ್ಮನದು. ಅವನು ಲಿಫ್ಟ್ ರಿಪೇರಿ ಮಾಡುವವನು. ವಾರವೆಲ್ಲ ಕಟ್ಟಡಗಳ ನೆತ್ತಿಯ ಮೇಲಿನ ಮೋಟಾರು ಕೋಣೆಗಳಲ್ಲಿ ಗ್ರೀಸು ಬಳಿದುಕೊಂಡು, ಭಾನುವಾರ ಬೆಳಿಗ್ಗೆ ಜೆರಾಕ್ಸ್ ಅಂಗಡಿಯ ಹಿಂದಿನ ಕೋಣೆಗೆ ಹೋಗುತ್ತಾನೆ. ಅಲ್ಲಿ ಅಂಗಡಿಯವನು, ಒಬ್ಬ ಲೆಕ್ಕದ ಮೇಷ್ಟ್ರು, ಇನ್ನೂ ಒಂದಿಬ್ಬರು ಮೇಜಿನ ಮೇಲೆ ಚೌಕ ಹಾಕಿದ ಮೈದಾನ ಹಾಸಿಕೊಂಡು ಕೂತಿರುತ್ತಾರೆ. ಫುಟ್‌ಬಾಲಿನ ಹಾಗೆ ಒಂದು ಆಟ, ಆಡುವವರು ಮಾತ್ರ ಮನುಷ್ಯರಲ್ಲ. ಒಬ್ಬರ ತಂಡ ಅಸ್ಥಿಪಂಜರಗಳದು, ಇನ್ನೊಬ್ಬರದು ಗಡ್ಡದ ಕುಳ್ಳರದು, ತಮ್ಮನದು ರಾಕ್ಷಸರದು. ದಾಳ ಹಾಕಿ ಒಬ್ಬರನ್ನೊಬ್ಬರು ಕೆಡವುತ್ತಾರೆ. ಚೆಂಡು ಯಾರಿಗಾದರೂ ನೆನಪಾದರೆ ಅದನ್ನೂ ಎತ್ತಿಕೊಂಡು ಓಡುತ್ತಾರೆ. ನಡುವಯಸ್ಸಿನ ಗಂಡಸರು ಇದಕ್ಕಾಗಿ ಇಡೀ ವಾರ ಕಾಯುತ್ತಾರೆ ಎಂದರೆ ಅಮ್ಮ ಇವತ್ತಿಗೂ ನಂಬುವುದಿಲ್ಲ.

ಆ ಕೋಣೆಯಲ್ಲೊಂದು ಕಟ್ಟುನಿಟ್ಟಿತ್ತು, ಮೇಷ್ಟ್ರು ಮಾಡಿದ್ದು. ಬಣ್ಣ ಹಚ್ಚದ ಗೊಂಬೆ ಮೈದಾನಕ್ಕೆ ಇಳಿಯುವ ಹಾಗಿಲ್ಲ. ಗೋಡೆಗೆ ಸುಣ್ಣ ಬಳಿದ ಹಾಗೆ ಬಳಿದುಕೊಂಡು ಬಂದರೂ ನಡೆಯುವುದಿಲ್ಲ, ಕಣ್ಣು ಬರೆದಿರಲೇಬೇಕು. "ಕಣ್ಣಿಲ್ಲದವನು ಚೆಂಡು ಹೇಗೆ ಹಿಡೀತಾನೆ, ನೀವೇ ಹೇಳಿ" ಎನ್ನುತ್ತಿದ್ದರು. ಅಸ್ಥಿಪಂಜರಕ್ಕೆ ಎಲ್ಲಿದೆ ಕಣ್ಣು ಎಂದು ತಮ್ಮ ಒಮ್ಮೆ ಕೇಳಿದ್ದ. "ಅವಕ್ಕೆ ವಿನಾಯಿತಿ" ಎಂದಿದ್ದರು ಮೇಷ್ಟ್ರು. ಅಸ್ಥಿಪಂಜರಗಳ ತಂಡ ಅವರದೇ.

ತಮ್ಮನ ತಂಡಕ್ಕೆಲ್ಲ ಇಲ್ಲಿಯವರೆಗೆ ಬಣ್ಣ ಹಚ್ಚಿದವಳು ಅಕ್ಕ. ಅವಳ ಕೆಲಸ ಹಲ್ಲಿನ ಲ್ಯಾಬಿನಲ್ಲಿ. ಡಾಕ್ಟರುಗಳು ಅಚ್ಚು ತೆಗೆದು ಕಳಿಸಿದ ಬಾಯಿಗಳಿಗೆ ಹಲ್ಲು ಕಟ್ಟುವವಳು. ಪಿಂಗಾಣಿ ಪುಡಿ ಕಲಸಿ, ಮೂರೆಳೆ ಕುಂಚದಿಂದ ಪದರ ಪದರವಾಗಿ ಕೂರಿಸಿ, ಪಕ್ಕದ ಹಲ್ಲಿನ ಜೊತೆ ಇಟ್ಟರೆ ಯಾವುದು ಹುಟ್ಟಿದ್ದು ಯಾವುದು ಕಟ್ಟಿದ್ದು ಎಂದು ಗೊತ್ತಾಗಬಾರದು, ಹಾಗೆ ಮಾಡುತ್ತಿದ್ದಳು. ಊಟದ ಬಿಡುವಿನಲ್ಲಿ ಅದೇ ಬೆಂಚಿನ ಮೇಲೆ ತಮ್ಮನ ಗೊಂಬೆಗಳಿಗೂ ಒಂದು ಕೈ ನೋಡುತ್ತಿದ್ದಳು. ಮನೆಯಲ್ಲಿ ತಮ್ಮ ಅವಳನ್ನು ಅಕ್ಕ ಎನ್ನುತ್ತಿದ್ದ, ಅವನಿಂದ ಕಲಿತು ಅಮ್ಮನೂ ಅಕ್ಕ ಎಂದೇ ಕರೆಯುತ್ತಿದ್ದಳು, ಲ್ಯಾಬಿನವರಿಗೂ ಅವಳು ಅಕ್ಕನೇ.

ಆಮೇಲೆ ಬಲಗೈ ಬೆರಳುಗಳು ಜೋಮು ಹಿಡಿಯತೊಡಗಿದವು. ಮಣಿಕಟ್ಟಿನಲ್ಲಿ ನರ ಒತ್ತಿಹೋಗಿದೆ ಎಂದರು, ಆಪರೇಷನ್ ಆಯಿತು. ಹೊಲಿಗೆ ಬಿಚ್ಚಿದ ಡಾಕ್ಟರು ಬೆರಳುಗಳನ್ನು ಮಡಿಸಿ ಬಿಡಿಸಿ ನೋಡಿ, "ನರ ಸರಿಯಾಗಿದೆ, ಇನ್ನು ಧೈರ್ಯವಾಗಿ ಬಳಸಿ" ಎಂದಿದ್ದರು. ಅಕ್ಕ ತಲೆಯಾಡಿಸಿ ಮನೆಗೆ ಬಂದವಳು, ಧೈರ್ಯವನ್ನು ಬಿಟ್ಟು ಉಳಿದುದೆಲ್ಲವನ್ನೂ ಬಳಸಿದಳು. ಸೂಜಿಗೆ ದಾರ ಪೋಣಿಸುವ ಕೆಲಸ ಬಂದರೆ ಕನ್ನಡಕ ಸಿಗುತ್ತಿಲ್ಲ ಎನ್ನುವಳು. ತಮ್ಮನ ಷರ್ಟಿನ ಗುಂಡಿ ಒಂದೆಳೆ ದಾರದಲ್ಲಿ ಎಷ್ಟೋ ವಾರದಿಂದ ನೇತಾಡುತ್ತಿತ್ತು. ಕೈ ಹೇಗಿದೆ ಎಂದು ಯಾರು ಕೇಳಿದರೂ ಚೆನ್ನಾಗಿದೆ ಎಂಬ ಒಂದೇ ಉತ್ತರ. ಕೈ ನಿಜಕ್ಕೂ ಹೇಗಿದೆ ಎಂದು ಅವಳಿಗೆ ಗೊತ್ತಿರಲಿಲ್ಲ. ಗೊತ್ತುಮಾಡಿಕೊಳ್ಳುವುದಕ್ಕೆ ಭಯ.

ನಾಡಿದ್ದು ಸೋಮವಾರ ಕೆಲಸಕ್ಕೆ ಹೋಗಬೇಕಿತ್ತು. ಲ್ಯಾಬಿನ ಯಜಮಾನರು ಫೋನು ಮಾಡಿ, "ಬಂದ ತಕ್ಷಣ ಒಂದು ಮುಂದಿನ ಹಲ್ಲು ಮಾಡಿ ತೋರಿಸಿ ಅಕ್ಕ, ಸುಮ್ಮನೆ ನಮ್ಮ ಸಮಾಧಾನಕ್ಕೆ. ಆಗಲಿಲ್ಲ ಅಂದ್ರೂ ಚಿಂತೆ ಬೇಡ, ಅಚ್ಚು ಹೊಯ್ಯೋ ಕಡೆ ಕೂತ್ಕೊಳ್ಳೋರಂತೆ" ಎಂದಿದ್ದರು. ಒಳ್ಳೆಯ ಮನಸ್ಸಿನಿಂದಲೇ ಅಂದ ಮಾತು. ಅಕ್ಕನಿಗೆ ಮಾತ್ರ ಅದು ಎದೆಗೆ ಚುಚ್ಚಿಕೊಂಡಿತು. ಡಾಕ್ಟರುಗಳು ಕಳಿಸಿದ ಅಚ್ಚಿಗೆ ಪ್ಲಾಸ್ಟರು ಕಲಸಿ ಹೊಯ್ಯುವುದು ಕೆಲಸಕ್ಕೆ ಹೊಸದಾಗಿ ಸೇರಿದವರು ಮಾಡುವುದು. ಅವಳು ಅಲ್ಲಿಂದಲೇ ಶುರುಮಾಡಿದ್ದಳು, ತಿರುಗಿ ಅಲ್ಲಿಗೇ ಹೋಗಿ ಕೂರುವುದನ್ನು ನೆನೆದರೆ ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಆದ್ದರಿಂದಲೇ ತಮ್ಮ ಹೊಸ ರಾಕ್ಷಸನನ್ನು ತಂದು ಊಟದ ಮೇಜಿನ ಮೇಲಿಟ್ಟಾಗ, ಆಗಲಿ, ಇವನ ಮೇಲೇ ಒಂದು ಕೈ ನೋಡಿಬಿಡೋಣ ಎಂದು ಕೂತಿದ್ದಳು.

"ಆಯ್ತಾ ಅಕ್ಕ?" ತಮ್ಮ ಬಂದು ಮೇಜಿನ ಡ್ರಾಯರು ಎಳೆದು ಏನನ್ನೋ ಹುಡುಕತೊಡಗಿದ. ಸ್ಕ್ರೂಡ್ರೈವರುಗಳು, ಟಾರ್ಚು, ಹಳೆಯ ಬ್ಯಾಟರಿಗಳು ಗಡಗಡ ಸದ್ದು ಮಾಡಿದವು.

"ಆಗ್ತಾ ಇದೆ."

"ಹಲ್ಲು ಮಾತ್ರ ಕೊಳಕಾಗಿರಲಿ. ಹಳದಿ, ಅಲ್ಲಲ್ಲಿ ಕಪ್ಪು, ಎರಡು ಮುರಿದಿರೋ ಥರ. ನೋಡಿದವರು ಮೂಗು ಮುಚ್ಚಿಕೊಂಡು ಜಾಗ ಬಿಡಬೇಕು."

"ಮೊದಲು ಕಣ್ಣು ಮುಗೀಲಿ ಕಣೋ. ತಲೆ ತಿನ್ನಬೇಡ."

ಅವನು ಬೇಕಾದ ಸ್ಕ್ರೂಡ್ರೈವರು ಹಿಡಿದು, ಡ್ರಾಯರನ್ನು ಹಾಗೇ ಬಿಟ್ಟು ಬಾಲ್ಕನಿಗೆ ಹೋದ. ತೆರೆದದ್ದನ್ನು ಮುಚ್ಚುವ ಅಭ್ಯಾಸ ಅವನಿಗೆ ಇಲ್ಲ. ಗೋಡೆ ಪಕ್ಕದ ಕುರ್ಚಿಯಲ್ಲಿ ಅಮ್ಮ ರಸ್ಕನ್ನು ಚಹಾದಲ್ಲಿ ಅದ್ದಿ ಹಿಡಿದುಕೊಂಡಿದ್ದಳು. ಅದು ನೆನೆದು ನೆನೆದು ಕಪ್ಪಿನೊಳಗೇ ಕುಸಿಯಿತು. ಅಮ್ಮ ಚಮಚ ತೆಗೆದುಕೊಂಡು ಅದನ್ನು ಪಾಯಸದ ಹಾಗೆ ತಿನ್ನತೊಡಗಿದಳು.

ಇನ್ನು ಕಾದು ಪ್ರಯೋಜನವಿಲ್ಲ ಎಂದುಕೊಂಡು ಅಕ್ಕ ಉಸಿರು ಬಿಗಿಹಿಡಿದಳು. ಎಡಗೈಯಲ್ಲಿ ಗೊಂಬೆಯನ್ನು ಮುಖದೆದುರಿಗೆ ಎತ್ತಿಹಿಡಿದು ಕುಂಚ ತಾಗಿಸಿದಳು. ಚುಕ್ಕೆ ಕಣ್ಣಿನ ಬಿಳಿಯನ್ನು ಬಿಟ್ಟು ಮೂಗಿನ ಬುಡಕ್ಕೆ ಹೋಗಿ ಕೂತಿತು. ಬಲಗಣ್ಣನ್ನಾದರೂ ಸರಿಮಾಡೋಣ ಎಂದು ಹೋದರೆ, ಅದು ರೆಪ್ಪೆ ದಾಟಿ ಕೆನ್ನೆಯ ಮೇಲೆ ಹರಡಿತು. ಗೊಂಬೆಯನ್ನು ಮೇಜಿನ ಮೇಲಿಟ್ಟು ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತುಬಿಟ್ಟಳು.

ಬಾಲ್ಕನಿಯಿಂದ ಬಂದ ತಮ್ಮ ಬಗ್ಗಿ ನೋಡಿದ. "ಒಂದು ಕಣ್ಣು ಗೋಲಿನ ಕಡೆ, ಇನ್ನೊಂದು ಅಡುಗೆಮನೆ ಕಡೆ. ಪರವಾಗಿಲ್ಲ ಬಿಡು, ಎರಡೂ ಕಡೆ ಗಮನ ಇರುತ್ತೆ ಇವನಿಗೆ."

ಅಕ್ಕ ನಗಲಿಲ್ಲ. "ನನ್ನ ಕೈ ಹೋಯ್ತು ಕಣೋ" ಎಂದಳು.

"ಏನು ಮಾತು ಅಂತ ಆಡ್ತೀಯ. ಗೊಂಬೆ ಕಣ್ಣು ತಪ್ಪಿದ್ದಕ್ಕೆ ಕೈ ಹೋಯ್ತು ಅಂತಾರಾ ಯಾರಾದ್ರೂ?"

"ನಿನಗೆ ಗೊಂಬೆ. ಸೋಮವಾರ ಅವರು ನನ್ನ ಮುಂದೆ ಹಲ್ಲು ತಂದು ಇಡ್ತಾರೆ. ಇಷ್ಟು ದಪ್ಪ ಕಣ್ಣಿಗೇ ಕೈ ನಿಲ್ತಿಲ್ಲ, ಅಲ್ಲಿ ಏನು ಮಾಡಲಿ? ಎಲ್ಲರೂ ಸುತ್ತ ನಿಂತು ನೋಡ್ತಿರ್ತಾರೆ." ಅವಳು ಕುಂಚವನ್ನು ಲೋಟಕ್ಕೆ ಹಾಕಿದಳು. "ಇವತ್ತೇ ಫೋನ್ ಮಾಡಿ ಬರಲ್ಲ ಅಂದುಬಿಡ್ತೀನಿ. ಅಲ್ಲಿಗೆ ಹೋಗಿ ಅಚ್ಚು ಹೊಯ್ಕೊಂಡು ಕೂರೋದು ನನ್ನಿಂದ ಆಗಲ್ಲ."

ತಮ್ಮ ಅಮ್ಮನ ಕಡೆ ನೋಡಿದ. ಅಮ್ಮ ಚಮಚವನ್ನು ಕಪ್ಪಿನಲ್ಲಿಟ್ಟು ಮಗಳ ಕೈಯನ್ನೇ ನೋಡುತ್ತಿದ್ದಳು. ಕಡೆಗೆ ಅವನು ಗೊಂಬೆಯ ಕಡೆಗೆ ಕೈ ಚಾಚಿ, "ಕೊಡು ಇಲ್ಲಿ. ನಾನೇ ಏನೋ ಮಾಡ್ಕೋತೀನಿ. ಹಸಿರು ಬಳಿದು, ಕಣ್ಣು ಮುಚ್ಚಿಕೊಂಡಿದಾನೆ, ಧ್ಯಾನ ಮಾಡ್ತಿದಾನೆ ಅಂತ ಮೇಷ್ಟ್ರಿಗೆ ಹೇಳ್ತೀನಿ" ಎಂದ.

"ಇರು." ಅವಳು ಗೊಂಬೆಯನ್ನು ತನ್ನ ಕಡೆ ಎಳೆದುಕೊಂಡಳು. ತಮ್ಮ ಹಸಿರು ಬಳಿಯುವುದೆಂದರೆ ಏನೆಂದು ಅವಳಿಗೆ ಗೊತ್ತಿತ್ತು. ಮೂಗು, ಬಾಯಿ, ಬೆಳಗಿನಿಂದ ಕೂತು ಹಚ್ಚಿದ ತುಕ್ಕು, ಎಲ್ಲದರ ಮೇಲೂ ಹಸಿರು ಹರಿಯುತ್ತದೆ. "ತಪ್ಪಿದ್ದನ್ನಾದರೂ ತೆಗೆದು ಕೊಡ್ತೀನಿ. ಈ ಮುಖ ಇಟ್ಕೊಂಡು ಹೊರಗೆ ಹೋಗೋದು ಬೇಡ ಇವನು."

ಬಣ್ಣ ಇನ್ನೂ ಪೂರ್ತಿ ಆರಿರಲಿಲ್ಲ. ಒದ್ದೆ ಹಲ್ಲುಕಡ್ಡಿಯಿಂದ ಕೆರೆದರೆ ಬರುತ್ತದೆ. ಕೆರೆದದ್ದು ಮೇಜಿನ ಬಟ್ಟೆಗೆ ತಾಗಬಾರದೆಂದು ಅಕ್ಕ ಕುರ್ಚಿಯನ್ನು ಹಿಂದಕ್ಕೆ ಸರಿಸಿ, ತಮ್ಮ ತೆರೆದು ಬಿಟ್ಟಿದ್ದ ಡ್ರಾಯರಿನ ಮೇಲೆ ಬಗ್ಗಿದಳು. ಮುಚ್ಚಳವನ್ನು ಡ್ರಾಯರಿನ ಅಂಚಿಗೆ ಒತ್ತಿ ಹಿಡಿದು, ಎರಡೂ ಮಣಿಕಟ್ಟುಗಳನ್ನು ಅಲ್ಲೇ ಊರಿಕೊಂಡು, ಸಿಟ್ಟಿನಿಂದ ಕೆರೆಯತೊಡಗಿದಳು. ಮೂಗಿನ ಬುಡದ ಚುಕ್ಕೆ ಹೋಯಿತು. ಕೆನ್ನೆಯ ಮೇಲಿನದು ಹೋಯಿತು. ರೆಪ್ಪೆಯ ಕೆಳಗೆ ಕೂದಲೆಳೆಯಷ್ಟು ಕಪ್ಪು ಉಳಿದಿತ್ತು. ಹಲ್ಲುಕಡ್ಡಿಯ ತುದಿಯನ್ನು ತಿರುಗಿಸಿ, ಬಿಳಿಗೆ ತಾಗದಂತೆ, ರೆಪ್ಪೆಯ ಹಸಿರಿಗೂ ತಾಗದಂತೆ ಅದನ್ನು ಎತ್ತಿ ತೆಗೆದಳು.

ತೆಗೆದ ಮೇಲೆ ಅವಳ ಕೈ ತಾನಾಗಿಯೇ ನಿಂತಿತು. ಈಗ ಮಾಡಿದ್ದು ಏನು? ಕಣ್ಣು ಬರೆಯುವುದಕ್ಕಿಂತ ಸಣ್ಣ ಕೆಲಸ. ಕುಂಚವಾದರೂ ಬಾಗುತ್ತದೆ, ತಪ್ಪನ್ನು ಸ್ವಲ್ಪ ನುಂಗಿಕೊಳ್ಳುತ್ತದೆ. ಹಲ್ಲುಕಡ್ಡಿ ಬಾಗುವಂಥದ್ದಲ್ಲ. ಅವಳು ಕಡ್ಡಿಯನ್ನು ಇಟ್ಟು ಕುಂಚ ತೆಗೆದುಕೊಂಡಳು.

"ಮತ್ತೆ ಶುರುನಾ? ಬೇಡ ಬಿಡು ಅಕ್ಕ" ಎನ್ನುತ್ತ ತಮ್ಮ, ಜೀವನದಲ್ಲಿ ಒಂದೇ ಒಂದು ಸಲ ಅಚ್ಚುಕಟ್ಟು ನೆನಪಾದವನ ಹಾಗೆ, ಡ್ರಾಯರನ್ನು ಮೊಣಕಾಲಿನಿಂದ ತಳ್ಳಿ ಮುಚ್ಚಿದ.

ಅಕ್ಕನ ಕೈಗಳು ಗಾಳಿಯಲ್ಲಿ ಉಳಿದವು. ಕುಂಚದ ತುದಿ ಮತ್ತೆ ನಡುಗಿತು. ಅವಳು ಆ ನಡುಕವನ್ನು ನೋಡಿದಳು, ಮುಚ್ಚಿದ ಡ್ರಾಯರನ್ನು ನೋಡಿದಳು.

"ತೆಗಿ ಅದನ್ನ."

"ಏನನ್ನ?"

"ಡ್ರಾಯರ್ ಕಣೋ. ಮೊದಲು ಹೇಗಿತ್ತೋ ಹಾಗೆ ತೆಗಿ."

ಅವನು ತೆಗೆದ. ಅವಳು ಮಣಿಕಟ್ಟುಗಳನ್ನು ಅಂಚಿನ ಮೇಲೆ ಊರಿದಳು. ಕುಂಚದ ತುದಿ ನೆಟ್ಟಗೆ ನಿಂತಿತು. "ಈಗ ಮುಚ್ಚು" ಎಂದಳು. ಮುಚ್ಚಿದ. ನಡುಗಿತು. "ತೆಗಿ." ತೆಗೆದ. ನಿಂತಿತು. ಲಿಫ್ಟಿನ ಬಾಗಿಲು ಪರೀಕ್ಷೆ ಮಾಡಿದ ಹಾಗೆ ಅವಳು ಅವನಿಂದ ಇನ್ನೂ ಒಂದೆರಡು ಸಲ ತೆಗೆಸಿ ಮುಚ್ಚಿಸಿದಳು. ತಮ್ಮ ಇವಳಿಗೇನಾಯಿತು ಎಂಬ ಮುಖ ಮಾಡಿಕೊಂಡು ಹೇಳಿದಷ್ಟು ಮಾಡಿದ.

"ಗೂಟ" ಎಂದಳು ಅಕ್ಕ. "ಲ್ಯಾಬಲ್ಲಿ ನನ್ನ ಬೆಂಚಿನ ಅಂಚಿಗೆ ಒಂದು ಮರದ ಗೂಟ ಇದೆ. ಎಲ್ಲರ ಬೆಂಚಿಗೂ ಇದೆ. ಹಲ್ಲನ್ನ ಅದಕ್ಕೆ ಒತ್ತಿ ಹಿಡಿದು, ಕೈ ಅದರ ಮೇಲೆ ಊರಿಕೊಂಡು ಕೆಲಸ ಮಾಡೋದು. ಕೈನ ಗಾಳೀಲಿ ಹಿಡಿದುಕೊಂಡು ನಾನು ಯಾವತ್ತೂ ಏನೂ ಮಾಡಿಲ್ಲ ಕಣೋ. ನಿನ್ನ ಗೊಂಬೆಗಳಿಗೂ ಅಲ್ಲೇ ಕೂತು ಹಚ್ಚಿದ್ದು."

"ಅಂದ್ರೆ?"

"ಅಂದ್ರೆ ನಡುಕ ಮೊದಲಿಂದಲೂ ಇತ್ತು. ಎಲ್ಲರ ಕೈಯೂ ಹೀಗೆ ನಡುಗುತ್ತೆ. ನನಗೆ ಗೊತ್ತಿರಲಿಲ್ಲ ಅಷ್ಟೆ."

ತಮ್ಮ ತನ್ನ ಬಲಗೈಯನ್ನು ಮುಖದೆದುರು ಚಾಚಿ ನೋಡಿಕೊಂಡ. ಬೆರಳ ತುದಿ ಮೆಲ್ಲಗೆ ಅಲ್ಲಾಡುತ್ತಿತ್ತು. "ಹೌದಲ್ಲ" ಎಂದ, ಸ್ವಲ್ಪ ಗಾಬರಿಯಿಂದಲೇ. ಅಕ್ಕನಿಗೆ ನಗು ಬಂತು. ನಗು ಬಂದದ್ದೇ ಕಣ್ಣಲ್ಲಿ ನೀರೂ ಬಂತು. ಇಷ್ಟು ದಿನ ಎದೆಯ ಮೇಲೆ ಕೂತಿದ್ದದ್ದು ಇಳಿದು ಹೋದ ಮೇಲೆ ಉಸಿರಾಡುವುದೇ ಒಂದು ಸುಖದ ಕೆಲಸ ಎನ್ನಿಸಿತು. ಎಷ್ಟೋ ವರ್ಷ ದಿನವೂ ಕೈ ಊರಿ ಊರಿ ಆ ಗೂಟದಲ್ಲಿ ಒಂದು ತಗ್ಗೇ ಬಿದ್ದಿತ್ತು, ಒಂದು ದಿನವೂ ಅದರ ಬಗ್ಗೆ ಯೋಚಿಸಿರಲಿಲ್ಲ. ಆಪರೇಷನ್ನಿನ ಗಾಯಕ್ಕೆ, ವಯಸ್ಸಿಗೆ, ಹಣೆಬರಹಕ್ಕೆ ಎಲ್ಲಕ್ಕೂ ಬೈದುಕೊಂಡಿದ್ದಳು. ಒಂದು ಗೂಟ ಇಲ್ಲದ್ದಕ್ಕೆ ಇಷ್ಟೆಲ್ಲ ರಾಮಾಯಣ.

ಕಣ್ಣುಗಳು ಎರಡೇ ಸಲಕ್ಕೆ ಮುಗಿದವು. ಎಡಕ್ಕೊಂದು ಚುಕ್ಕೆ, ಬಲಕ್ಕೊಂದು. ಎರಡೂ ಒಂದೇ ಕಡೆ ನೋಡಿದವು. ಬೇಕೋ ಬೇಡವೋ ಎಂಬಷ್ಟು ಸಣ್ಣ ಬಿಳಿಯ ಹೊಳಪನ್ನೂ ಇಟ್ಟಳು. ರಾಕ್ಷಸನಿಗೆ ಜೀವ ಬಂದು, ಚೆಂಡು ಹಿಡಿದುಕೊಂಡದ್ದು ಈಗ ತಾನೇ ಗೊತ್ತಾದವನ ಹಾಗೆ ಕಂಡ. ಅಕ್ಕ ಅಲ್ಲಿಗೆ ನಿಲ್ಲಿಸಲಿಲ್ಲ. ಬಹಳ ದಿನ ಕಟ್ಟಿಹಾಕಿದ್ದ ಕೈಗೆ ಬಿಡುಗಡೆ ಸಿಕ್ಕಿತ್ತು, ಅದು ಸುಮ್ಮನಿರುವ ಹಾಗೆ ಕಾಣಲಿಲ್ಲ. ಬಿಳಿಗೆ ಒಂದಿಷ್ಟು ಹಳದಿ ಬೆರೆಸಿ, ಇನ್ನೊಂದಿಷ್ಟು ಬೂದು ಬೆರೆಸಿ, ಬಾಯಿಗೆ ಇಳಿದಳು. ತಮ್ಮ ಸ್ನಾನಕ್ಕೆ ಹೋದ. ಹೊರಗೆ ಯಾರೋ ಸೈಕಲ್ಲಿನ ಗಂಟೆ ಬಾರಿಸಿಕೊಂಡು ಹೋದರು. ಅವಳು ತಲೆ ಎತ್ತಲಿಲ್ಲ. ಗುನುಗಿಕೊಂಡು ಹಚ್ಚುತ್ತಲೇ ಇದ್ದಳು.

"ಆಯ್ತು, ತಗೋ" ಎಂದು ಅವಳು ಮುಚ್ಚಳವನ್ನು ಮೇಜಿನ ಮೇಲಿಟ್ಟಾಗ ತಮ್ಮ ಟವಲಿನಿಂದ ತಲೆ ಒರೆಸಿಕೊಳ್ಳುತ್ತ ಬಂದ. ಗೊಂಬೆಯನ್ನು ಎತ್ತಿ ನೋಡಿದ. ಕಿಟಕಿಯ ಹತ್ತಿರ ಒಯ್ದು ನೋಡಿದ.

"ಅಕ್ಕ."

"ಏನೋ?"

"ಇವನಿಗೆ ಹಲ್ಲು ಕಟ್ಟಿಬಿಟ್ಟಿದೀಯಲ್ಲ."

ಅಕ್ಕ ಕಸಿದುಕೊಂಡು ನೋಡಿದಳು. ನಿಜ. ರಾಕ್ಷಸನ ಬಾಯಲ್ಲಿ ಸಾಲಾಗಿ ಹಲ್ಲುಗಳು, ಬುಡದಲ್ಲಿ ತುಸು ಹಳದಿ, ನಡುವೆ ಹಾಲಿನ ಬಿಳುಪು, ತುದಿಯಲ್ಲಿ ಬೆಳಕು ಹಾಯುವಂಥ ತೆಳು ಬೂದು. ಒಸಡು ಆರೋಗ್ಯವಾದ ಗುಲಾಬಿ, ಹಲ್ಲು ಹಲ್ಲಿನ ನಡುವೆ ಒಂದು ಸಣ್ಣ ಮೊನೆ ಕೂಡ ಸರಿಯಾಗಿ ಕೂತಿದೆ. ಹೊರಗೆ ಚಾಚಿದ ಎರಡು ಕೋರೆಹಲ್ಲುಗಳೂ ಅದೇ ನಾಜೂಕಿನವು. ಕೊಳಕು ಎಂಬುದಕ್ಕೆ ಜಾಗವೇ ಇರಲಿಲ್ಲ. ದಿನಕ್ಕೆರಡು ಸಲ ಉಜ್ಜಿ, ಮಲಗುವ ಮುಂಚೆ ಬಾಯಿ ಮುಕ್ಕಳಿಸುವ ರಾಕ್ಷಸ.

"ಹಳದಿ ಅಂದೆ, ಕಪ್ಪು ಅಂದೆ, ಮುರುಕು ಅಂದೆ" ಎಂದು ತಮ್ಮ ಬೆರಳು ಮಡಿಸಿದ.

"ಕೈ ತಾನಾಗೇ ಹೋಯ್ತು ಕಣೋ. ಹಲ್ಲು ಅಂದ್ರೆ ಅದಕ್ಕೆ ಗೊತ್ತಿರೋದು ಇದೊಂದೇ ಥರ. ಇರು, ಮೇಲೆ ಒಂದು ಪದರ ಕಂದು ಬಳಿದುಕೊಡ್ತೀನಿ."

"ಮುಟ್ಟಬೇಡ" ಎಂದಳು ಅಮ್ಮ. ಕುರ್ಚಿಯಿಂದ ಎದ್ದು ಬಂದು, ಕನ್ನಡಕ ಏರಿಸಿಕೊಂಡು, ಗೊಂಬೆಯನ್ನು ಅಕ್ಕನ ಬಣ್ಣಗಳ ಪಕ್ಕದಲ್ಲಿದ್ದ ಭೂತಗಾಜಿನ ಕೆಳಗೆ ಹಿಡಿದಳು. ಬಹಳ ಹೊತ್ತು ನೋಡಿದಳು. ಮೇಲಿನ ಸಾಲಿನ ಮುಂದಿನ ಹಲ್ಲೊಂದರಲ್ಲಿ ಎಳೆಯಷ್ಟು ಸಣ್ಣ ಕಂದು ಗೀಟಿತ್ತು. "ಇದು ನನ್ನ ಗೀಟಲ್ವೇನೇ?"

ಅಮ್ಮನ ಹಲ್ಲು ಕಟ್ಟಿದ್ದೂ ಅಕ್ಕನೇ. ಎಲ್ಲ ಹಲ್ಲು ಹೋದ ಮೇಲೆ ಅಮ್ಮ ಹಟ ಹಿಡಿದಿದ್ದಳು, ಹೊಸ ಹಲ್ಲು ಹೊಸದರ ಹಾಗೆ ಕಾಣಬಾರದು, ನನ್ನ ಹಲ್ಲು ನನ್ನ ಹಲ್ಲಿನ ಹಾಗೇ ಇರಬೇಕು ಎಂದು. ಚಿಕ್ಕಂದಿನಲ್ಲಿ ನೀರಿನ ನಲ್ಲಿಗೆ ತಾಗಿ ಮುಂದಿನ ಹಲ್ಲಿನಲ್ಲಿ ಬಿದ್ದಿದ್ದ ಬಿರುಕನ್ನೂ ಅಕ್ಕ ಹೊಸ ಹಲ್ಲಿನ ಮೇಲೆ ಬರೆದುಕೊಟ್ಟಿದ್ದಳು. ಈಗ ಅದೇ ಗೀಟು, ಅದೇ ಹಲ್ಲಿನ ಮೇಲೆ, ಅದೇ ಓರೆಯಲ್ಲಿ ರಾಕ್ಷಸನ ಬಾಯಿಗೆ ಬಂದು ಕೂತಿತ್ತು.

"ನನಗೆ ಗೊತ್ತೇ ಆಗಲಿಲ್ಲಮ್ಮ" ಎಂದಳು ಅಕ್ಕ.

"ನನ್ನ ಹಲ್ಲು ಇಟ್ಕೊಂಡು ಹೋಗಿ ಸೋತು ಬಂದರೆ ನೋಡು" ಎಂದು ಅಮ್ಮ ಗೊಂಬೆಯನ್ನು ಮಗನ ಕೈಗೆ ಕೊಟ್ಟಳು.

ಮಾರನೆಯ ದಿನ, ಭಾನುವಾರ, ತಮ್ಮ ಊಟದ ಹೊತ್ತಿಗೆ ಸರಿಯಾಗಿ ಮೆಟ್ಟಿಲನ್ನು ಎರಡೆರಡಾಗಿ ಹತ್ತಿ ಬಂದ. ಗೆದ್ದನೋ ಸೋತನೋ ಎಂದು ಕೇಳುವ ಮೊದಲೇ ಹೇಳಲು ಶುರುಮಾಡಿದ. ಆ ರಾಕ್ಷಸನದೊಂದು ನಿಯಮ. ಪ್ರತಿ ಸಲ ಹೆಜ್ಜೆ ಇಡುವ ಮುಂಚೆ ದಾಳ ಹಾಕಬೇಕು, ಒಂದು ಬಿದ್ದರೆ ಅವನು ಬಂದ ಕೆಲಸವನ್ನೇ ಮರೆತು ನಿಂತುಬಿಡುತ್ತಾನೆ. "ಹಾಕಿದಾಗೆಲ್ಲ ಒಂದೇ ಬೀಳಬೇಕಾ? ಅರ್ಧ ಆಟ ಮೈದಾನದ ಮಧ್ಯೆ ಹಲ್ಲು ಕಿರಿದುಕೊಂಡು ನಿಂತಿದ್ದ ಮಹಾರಾಯ. ಮೇಷ್ಟ್ರು ಅವನನ್ನ ಎತ್ತಿ ನೋಡಿ, ಇವನಿಗೆ ಹಲ್ಲು ಕಟ್ಟಿದ ಡಾಕ್ಟರು ಯಾರು, ನಮ್ಮನೆಯವರಿಗೂ ತೋರಿಸಬೇಕು ಅಂದ್ರು. ಜೆರಾಕ್ಸಿನವನು ಅವನನ್ನ ಕೆಡವೋಕೇ ಒಪ್ಪಲಿಲ್ಲ. ಪಾಪ, ಇಷ್ಟು ಒಳ್ಳೆ ಹಲ್ಲು ಮುರಿದು ಹೋದೀತು ಅಂತ ಸುತ್ತು ಹಾಕಿಕೊಂಡು ಹೋದ. ಹಾಗೆ ಸುತ್ತು ಹಾಕೋದ್ರಲ್ಲಿ ಅವನು ಸೋತ, ನಾನು ಗೆದ್ದೆ."

ಅಮ್ಮ ನಕ್ಕಳು. ಬಹಳ ದಿನದ ಮೇಲೆ ಬಾಯಿ ತುಂಬ ನಕ್ಕಳು. ನಗುತ್ತ ನಗುತ್ತ ಥಟ್ಟನೆ ಕೈ ದವಡೆಗೆ ಹೋಯಿತು, ಮುಖ ಕಿವುಚಿತು. ಅಕ್ಕ ಅದನ್ನು ನೋಡಿದಳು.

"ಏನಾಯ್ತಮ್ಮ?"

ಅಮ್ಮ ಕೈ ಇಳಿಸಿದಳು. "ನಾಳೆ ಕೆಲಸಕ್ಕೆ ಹೋಗ್ತೀಯಾ?" ಎಂದು ಕೇಳಿದಳು.

"ಹೋಗ್ತೀನಿ. ಒಂದಲ್ಲ, ಬೇಕಾದ್ರೆ ಸಾಲಿಗೆ ಸಾಲೇ ಮಾಡಿ ತೋರಿಸ್ತೀನಿ."

"ಕೈ ನಿಜವಾಗ್ಲೂ ನಿಂತಿದೆಯಾ? ನನ್ನ ಸಮಾಧಾನಕ್ಕೆ ಹೇಳಬೇಡ."

"ನಿಂತಿದೆಯಮ್ಮ. ನಿನ್ನಾಣೆ."

ಅಮ್ಮ ಎದ್ದು ಬಚ್ಚಲಿನ ಕಡೆ ಹೋದಳು. ನಲ್ಲಿಯ ಸದ್ದಾಯಿತು. ಬರುವಾಗ ಸೆರಗು ಬಾಯಿಗೆ ಅಡ್ಡವಿತ್ತು, ಕೈಯಲ್ಲಿ ಸಣ್ಣ ಬಟ್ಟಲಿತ್ತು. ಅದನ್ನು ತಂದು ಅಕ್ಕನ ಮುಂದೆ ಇಟ್ಟಳು. ಬಟ್ಟಲಿನಲ್ಲಿ ಅವಳ ಕೆಳಗಿನ ಸಾಲು.

"ಹಾಗಾದ್ರೆ ಇದನ್ನ ಸ್ವಲ್ಪ ನೋಡು" ಎಂದಳು. ಹಲ್ಲಿಲ್ಲದ ಮಾತು ಮೆತ್ತಗಿತ್ತು. "ಒಂದು ಕಡೆ ಒತ್ತುತ್ತೆ."

ತಮ್ಮ ಡ್ರಾಯರಿನಿಂದ ಟಾರ್ಚು ತೆಗೆದು ಹಿಡಿದ. ಅಕ್ಕ ಅಮ್ಮನ ಗಲ್ಲ ಹಿಡಿದು ಬಾಯೊಳಗೆ ನೋಡಿದಳು. ಎಡಗಡೆಯ ಒಸಡಿನ ಒಳ ಅಂಚಿನಲ್ಲಿ ಕೆಂಪಗೆ ಹುಣ್ಣಾಗಿತ್ತು. ಒಂದೆರಡು ದಿನದ ಹುಣ್ಣಲ್ಲ ಅದು, ಒತ್ತಿ ಒತ್ತಿ ಅಂಚು ದಪ್ಪಗಾಗಿತ್ತು. ಅಕ್ಕನಿಗೆ ಕಪ್ಪಿನಲ್ಲಿ ಕುಸಿದ ರಸ್ಕು ನೆನಪಾಯಿತು, ಹಸಿವಿಲ್ಲ ಎಂದು ಅಮ್ಮ ತಟ್ಟೆಯಲ್ಲೇ ಬಿಡುತ್ತಿದ್ದ ಸೇಬಿನ ಹೋಳುಗಳು ನೆನಪಾದವು. ತನ್ನ ಕೈಯ ಚಿಂತೆಯಲ್ಲಿ ಅವಳು ಅದೊಂದನ್ನೂ ನೋಡಿರಲಿಲ್ಲ.

"ಎಷ್ಟು ದಿನದಿಂದ ಹೀಗಿದೆ? ಯಾಕೆ ಹೇಳ್ಲಿಲ್ಲ?"

"ನಿನಗೆ ಆಪರೇಷನ್ ಆದಾಗಿಂದ."

"ಲ್ಯಾಬಲ್ಲಿ ಬೇರೆಯವರಿದ್ರಲ್ಲಮ್ಮ. ಯಾರ ಕೈಗೆ ಕೊಟ್ಟಿದ್ರೂ ಒಂದು ಗಳಿಗೇಲಿ ಸರಿಮಾಡಿ ಕೊಡ್ತಿದ್ರು."

"ಬೇರೆಯವರ ಕೈಗೆ ಯಾಕೆ ಕೊಡಲಿ?" ಎಂದಳು ಅಮ್ಮ. ಬಟ್ಟಲನ್ನು ಅಕ್ಕನ ಕಡೆಗೆ ಸರಿಸಿ, "ನಿನಗೆ ಹೇಳಿದ್ರೆ ಮಾಡೋಕೆ ಕೂತ್ಕೊಳ್ತಿದ್ದೆ. ಆಗದಿದ್ರೆ?" ಎಂದಳು.

ತಮ್ಮ ಟಾರ್ಚು ಆರಿಸುವುದನ್ನು ಮರೆತು ನಿಂತಿದ್ದ. ಅಕ್ಕ ಕೆಲಸದ ಬ್ಯಾಗಿನಿಂದ ತನ್ನ ಸಣ್ಣ ಅರ ಮತ್ತು ಮರಳುಕಾಗದ ತೆಗೆದುಕೊಂಡು ಬಂದಳು. ಡ್ರಾಯರನ್ನು ಅರ್ಧ ಎಳೆದಳು. ಹಲ್ಲಿನ ಸಾಲನ್ನು ಬೆಳಕಿಗೆ ಹಿಡಿದು, ಹುಣ್ಣಿಗೆ ಸರಿಯಾದ ಜಾಗವನ್ನು ಹೆಬ್ಬೆರಳಿನಿಂದ ಸವರಿ ಸವರಿ ಹುಡುಕಿದಳು. ಸಿಕ್ಕಿತು. ಹಲ್ಲು ಕೂರಿಸಿದ ಗುಲಾಬಿ ಒಸಡಿನ ಅಂಚಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಏಣು. ಸಾಲನ್ನು ಡ್ರಾಯರಿನ ಅಂಚಿಗೆ ಒತ್ತಿ ಹಿಡಿದು, ಮಣಿಕಟ್ಟು ಊರಿ, ಅರವನ್ನು ಮೆಲ್ಲಗೆ ಆಡಿಸತೊಡಗಿದಳು. ಗುಲಾಬಿ ಪುಡಿ ಉದುರಿ ಮೇಜಿನ ಅಂಚಿನಲ್ಲಿ, ಸ್ಕ್ರೂಡ್ರೈವರುಗಳ ಮೇಲೆ, ಆಟ ಮುಗಿಸಿ ಬಂದು ಪಕ್ಕದಲ್ಲಿ ಚೆಂಡು ಹಿಡಿದು ನಿಂತ ರಾಕ್ಷಸನ ಬರಿಗಾಲಿನ ಸುತ್ತ ಬಿತ್ತು. ಅಮ್ಮ ಸೆರಗನ್ನು ಬಾಯಿಗೆ ಹಿಡಿದುಕೊಂಡು ಆ ಕೈಯನ್ನೇ ನೋಡುತ್ತ ಕೂತಳು.

ಎರಡು ಸಲ ಹಾಕಿ ತೆಗೆದದ್ದಾಯಿತು. "ಇನ್ನೊಂಚೂರು" ಎಂದಳು ಅಮ್ಮ. ಅಕ್ಕ ಇನ್ನೊಂಚೂರು ತೆಗೆದು, ಮರಳುಕಾಗದದಿಂದ ನುಣ್ಣಗೆ ಮಾಡಿ, ತೊಳೆದು ಕೊಟ್ಟಳು. ಅಮ್ಮ ಹಾಕಿಕೊಂಡಳು. ದವಡೆಯನ್ನು ಆ ಕಡೆ ಈ ಕಡೆ ಆಡಿಸಿದಳು. ಒಳಗಿನ ಹುಣ್ಣು ಮಾಯುವುದಕ್ಕೆ ಒಂದೆರಡು ದಿನ ಬೇಕು, ಅಲ್ಲಿಯವರೆಗೆ ಮೆತ್ತಗಿನದನ್ನೇ ತಿನ್ನು ಎಂದು ಅಕ್ಕ ಹೇಳುತ್ತಲೇ ಇದ್ದಳು. ಅಮ್ಮ ಡಬ್ಬಿಯ ಮುಚ್ಚಳ ತೆಗೆದು ಒಂದು ರಸ್ಕು ತೆಗೆದುಕೊಂಡಳು. ತಮ್ಮ ಚಹಾದ ಕಪ್ಪನ್ನು ಅವಳ ಹತ್ತಿರಕ್ಕೆ ಸರಿಸಿದ. ಅಮ್ಮ ಅದನ್ನು ಪಕ್ಕಕ್ಕೆ ತಳ್ಳಿ, ರಸ್ಕನ್ನು ಬಲಗಡೆಯ ಹಲ್ಲಿನ ನಡುವೆ ಇಟ್ಟು, ಕಣ್ಣು ಮುಚ್ಚಿ, ಕಟುಮ್ ಎಂದು ಕಡಿದಳು.

ರಸ್ಕಿನ ಚೂರುಗಳು ಮೇಜಿನ ಮೇಲಿನ ಗುಲಾಬಿ ಪುಡಿಯ ಮೇಲೆ ಉದುರಿದವು. ಒರೆಸುವುದಕ್ಕೆ ಯಾರೂ ಏಳಲಿಲ್ಲ. ಡ್ರಾಯರು ಅರ್ಧ ತೆರೆದೇ ಇತ್ತು.